ಬೇಸ್ ಗಿಟಾರ್‌ಗೆ ಫ್ಲ್ಯಾಟ್‌ವೌಂಡ್ ತಂತಿ ಹಾಕೋಣ ಅಂತಿದ್ದೇನೆ: ಕ್ರೋಮ್ಸ್, ಲಾ ಬೆಲ್ಲಾ, ಥೊಮಾಸ್ಟಿಕ್, ಕೈಗೆ ಯಾವುದು ಹೇಗೆ?

ಮೈಸೂರ್‌ಬೇಸು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಆರ್ಕೆಸ್ಟ್ರಾದಲ್ಲಿ ಆರು ವರ್ಷದಿಂದ ಬೇಸ್ ನುಡಿಸುತ್ತಿದ್ದೇನೆ. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ರಿಸೆಪ್ಷನ್, ಕರೆದ ಕಡೆ ಹೋಗುತ್ತೇವೆ. ಗಿಟಾರ್ ಸ್ಕ್ವೈರ್ ಪ್ರಿಸಿಷನ್, ತಂತಿ ಮಾಮೂಲಿ ನಿಕ್ಕಲ್ ರೌಂಡ್‌ವೌಂಡ್ (ದುಂಡು ತಂತಿ ಸುತ್ತಿದ್ದು), 45ರಿಂದ 105ರ ಸೆಟ್ (ತಂತಿಗಳ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ).

ನಮ್ಮ ಪಟ್ಟಿಯಲ್ಲಿ ಅರ್ಧಕ್ಕೂ ಜಾಸ್ತಿ ರಾಜನ್-ನಾಗೇಂದ್ರ ಮತ್ತು ಇಳಯರಾಜ. ಆ ಹಾಡುಗಳಲ್ಲಿ ಬೇಸ್ ಒಂದೇ ಕಡೆ ಕೂರುವುದಿಲ್ಲ, ಮೇಲೆ ಕೆಳಗೆ ಓಡಾಡುತ್ತಲೇ ಇರುತ್ತದೆ, ಅಲ್ವಾ? ಓಡಾಡಿದಾಗಲೆಲ್ಲ ನನ್ನ ಬೆರಳು ತಂತಿ ಮೇಲೆ ಜಾರಿ ಕಿರ್ರ್ ಅನ್ನುತ್ತದೆ. ದೊಡ್ಡ ಸೌಂಡ್ ಸಿಸ್ಟಂ ಇದ್ದರೆ ಆ ಕಿರ್ರೂ ದೊಡ್ಡದಾಗಿ ಕೇಳುತ್ತದೆ. ಹೋದ ತಿಂಗಳು ನಮ್ಮ ಕೀಬೋರ್ಡಿನವರು ಸ್ಟೇಜ್ ಮೇಲೇ ತಿರುಗಿ "ಏನಯ್ಯಾ, ಅದರೊಳಗೆ ಇಲಿ ಸಾಕಿದ್ದೀಯಾ?" ಎಂದುಬಿಟ್ಟರು.

ಫ್ಲ್ಯಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ ತಂತಿ) ಹಾಕಿದರೆ ಈ ತೊಂದರೆ ಇರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೆ ರೌಂಡ್‌ಗಿಂತ ಹೆಚ್ಚುಕಮ್ಮಿ ದುಪ್ಪಟ್ಟು ಬೆಲೆ, ಥೊಮಾಸ್ಟಿಕ್ ಅಂತೂ ಇನ್ನೂ ಮೇಲೆ. ಹಾಕಿ ನೋಡಿ ಬೇಡ ಅನ್ನಿಸಿದರೆ ವಾಪಸ್ ಕೊಡುವ ವಸ್ತುವೂ ಅಲ್ಲ. ಡಿ'ಅಡ್ಡಾರಿಯೋ ಕ್ರೋಮ್ಸ್, ಲಾ ಬೆಲ್ಲಾ ಡೀಪ್ ಟಾಕಿಂಗ್, ಥೊಮಾಸ್ಟಿಕ್ ಜಾಝ್ ಫ್ಲ್ಯಾಟ್ಸ್, ಈ ಮೂರರಲ್ಲಿ ಯಾವುದು ಹೇಗೆ? ಸೌಂಡಿನ ವಿಡಿಯೋ ಬೇಕಾದಷ್ಟು ನೋಡಿದ್ದೇನೆ, ಹೆಡ್‌ಫೋನಿನಲ್ಲಿ ಎಲ್ಲಾ ಚೆನ್ನಾಗಿಯೇ ಕೇಳುತ್ತವೆ. ಕೈಗೆ ಹೇಗಿರುತ್ತದೆ ಎಂದು ಯಾರೂ ಹೇಳುವುದಿಲ್ಲ. ಗಿಟಾರಿನ ಕತ್ತು ಬಗ್ಗಿಹೋಗುತ್ತದೆ ಅನ್ನುವುದು ನಿಜವಾ? ಡ್ಯಾನ್ಸ್ ಹಾಡುಗಳಿಗೆ ಆಗಾಗ ಸ್ಲ್ಯಾಪ್ (ಹೆಬ್ಬೆರಳಲ್ಲಿ ತಂತಿ ಬಡಿಯುವುದು) ಮಾಡಬೇಕಾಗುತ್ತದೆ, ಅದರ ಗತಿ ಏನು?

ನಾಲ್ಕೇತಂತಿ

ಹನ್ನೆರಡು ವರ್ಷದಲ್ಲಿ ಈ ಮೂರನ್ನೂ ಒಂದೇ ಪಿ ಬೇಸ್ (ಪ್ರಿಸಿಷನ್) ಮೇಲೆ ಹಾಕಿ ನೋಡಿದ್ದೇನೆ. ಹಾಗಾಗಿ ಉದ್ದ ಬರೆಯುತ್ತೇನೆ, ಒಂದು ಕಾಫಿ ಮಾಡಿಕೊಂಡು ಬಂದು ಓದಿ.

ನೀವು ಕೈ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಈ ಮೂರರ ಸೌಂಡು ಬೇರೆ ಬೇರೆ ನಿಜ, ಆದರೆ ಪೂರ್ತಿ ಬ್ಯಾಂಡ್ ಜೊತೆ ನುಡಿಸುವಾಗ ಆ ವ್ಯತ್ಯಾಸದ ಮುಕ್ಕಾಲು ಪಾಲು ಡ್ರಮ್ಸ್ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಬಿಗಿ ಮಾತ್ರ ಎಲ್ಲೂ ಹೋಗುವುದಿಲ್ಲ. ಮೂರು ಗಂಟೆ ಪ್ರೋಗ್ರಾಂನಲ್ಲಿ ಬೆರಳಿಗೆ ಗೊತ್ತಾಗುವುದು ಅದೇ.

ರೌಂಡ್‌ನಲ್ಲಿ ಒಳಗಿನ ಉಕ್ಕಿನ ಎಳೆಯ ಸುತ್ತ ಸುತ್ತಿರುವುದು ದುಂಡು ತಂತಿ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಸಣ್ಣ ಕಣಿವೆ ಇರುತ್ತದೆ, ಬೆರಳು ಕಿರ್ರೆನ್ನುವುದು ಅಲ್ಲೇ. ಫ್ಲ್ಯಾಟ್‌ನಲ್ಲಿ ಸುತ್ತಿರುವುದು ಚಪ್ಪಟೆ ಪಟ್ಟಿ. ಕಣಿವೆ ಇಲ್ಲ, ಕಿರ್ರೂ ಇಲ್ಲ. ಆದರೆ ಆ ಕಣಿವೆ ಇದ್ದ ಜಾಗದಲ್ಲೂ ಈಗ ಲೋಹ ತುಂಬಿದೆ. ಅಂದರೆ ಅಷ್ಟೇ ದಪ್ಪದ ಫ್ಲ್ಯಾಟ್ ಸಾಮಾನ್ಯವಾಗಿ ರೌಂಡ್‌ಗಿಂತ ತೂಕ ಜಾಸ್ತಿ, ಅದೇ ಸ್ವರಕ್ಕೆ ತರಬೇಕಾದರೆ ಜಾಸ್ತಿ ಬಿಗಿಯಬೇಕು. 45-105 ರೌಂಡ್ ತೆಗೆದು 45-105 ಫ್ಲ್ಯಾಟ್ ಹಾಕಿ "ನಂಬರ್ ಒಂದೇ, ಕೈ ಯಾಕೆ ನೋಯುತ್ತಿದೆ" ಅನ್ನುವವರ ಕಥೆ ಇದೇ.

ಈಗ ಒಂದೊಂದಾಗಿ.

ಕ್ರೋಮ್ಸ್, 45-65-80-100ರ ಸೆಟ್. ಹೊಸದರಲ್ಲಿ ಇದು ಫ್ಲ್ಯಾಟೇ ಅಲ್ಲವೇನೋ ಅನ್ನಿಸುತ್ತದೆ, ಪಿಯಾನೋದ ಕೆಳಗಿನ ಮನೆಗಳ ಥರ ಝಣ್ ಅನ್ನುತ್ತದೆ. ದಿನಾ ನುಡಿಸಿದರೆ ಒಂದೆರಡು ತಿಂಗಳಲ್ಲಿ ಆ ಝಣ್ ಇಳಿಯುತ್ತದೆ. ಮೈ ಪಾಲಿಷ್ ಮಾಡಿದ ಸ್ಟೀಲು, ಬೆರಳು ಗಾಜಿನ ಮೇಲೆ ಹೋದ ಹಾಗೆ ಹೋಗುತ್ತದೆ. ಬಿಗಿ ಚೆನ್ನಾಗಿಯೇ ಇದೆ, ಆದರೆ ಹಿಂಸೆ ಅಲ್ಲ. ರೌಂಡ್‌ನಿಂದ ಬರುವವರಿಗೆ ಇದೇ ಹತ್ತಿರದ ದಾರಿ.

ಲಾ ಬೆಲ್ಲಾ 760ಎಫ್‌ಎಸ್, 45-65-85-105. ನನ್ನ ಬೇಸ್ ಮೇಲೆ ಈಗ ಇರುವುದು ಇದೇ, ಏಳನೇ ವರ್ಷ. ತಂತಿ ಮೀಟಿದರೆ ಧಂ ಎಂದು ಒಂದು ಗುದ್ದು, ಆಮೇಲೆ ಸ್ವರ ತಾನಾಗಿ ತಗ್ಗುತ್ತದೆ. ಡ್ರಮ್ಸ್‌ನವನ ಕಾಲಿನ ಜೊತೆ ಅಂಟಿಕೊಂಡು ಕೂರುತ್ತದೆ. ಬಿಗಿ ಜಾಸ್ತಿ. ಮೊದಲ ತಿಂಗಳು ಎಡಗೈ ಕಿರುಬೆರಳು ನನಗೆ ಶಾಪ ಹಾಕಿತು. ಸ್ವಲ್ಪ ಹಗುರ ಬೇಕೆಂದರೆ ಅದರಲ್ಲೇ 43ರಿಂದ 104ರ ಸೆಟ್ ಇದೆ, ನಿಮಗೆ ಅದು ಸಾಕು.

ಥೊಮಾಸ್ಟಿಕ್ ಬೇರೆಯೇ ಪ್ರಾಣಿ. ವಿಯೆನ್ನಾದವರು, 1919ರಿಂದ ತಂತಿ ಮಾಡುತ್ತಿರುವ ಮನೆ. 43-56-70-100. ಎ ತಂತಿ (ದಪ್ಪದಲ್ಲಿ ಎರಡನೆಯದು) 70 ಎಂದರೆ ಎಷ್ಟು ಸಣ್ಣ ನೋಡಿ, ನಿಮ್ಮ ಈಗಿನ ಸೆಟ್‌ನಲ್ಲಿ ಅದು 85ರ ಆಸುಪಾಸು ಇರುತ್ತದೆ. ನಿಕ್ಕಲ್ ಪಟ್ಟಿ, ಸಡಿಲ, ಕೈಗೆ ರಬ್ಬರ್ ಥರ. ಮೆಲ್ಲಗೆ ಮೀಟಿದರೆ ಹಾಡುತ್ತದೆ, ಮಿಡ್ (ಸೌಂಡಿನ ನಡುಭಾಗ) ತುಂಬಾ ಚೆನ್ನಾಗಿದೆ, ಸ್ವರ ಬಹಳ ಹೊತ್ತು ನಿಲ್ಲುತ್ತದೆ. ಆದರೆ ಕೈ ಭಾರ ಇದ್ದವರು ಜೋರಾಗಿ ಎಳೆದರೆ ತಂತಿ ಹೋಗಿ ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ಬಡಿಯುತ್ತದೆ. ನನ್ನ ಕೈ ಭಾರ. ನಾಲ್ಕು ತಿಂಗಳು ಒದ್ದಾಡಿ ಒಬ್ಬ ಜಾಝ್ ನುಡಿಸುವ ಗೆಳೆಯನಿಗೆ ಮಾರಿದೆ, ಅವನು ಇವತ್ತಿಗೂ ಬಿಚ್ಚಿಲ್ಲ.

ಇನ್ನೊಂದು. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಸೌಂಡ್ ಬೇಕೆಂದು ಕೆಲವರು ಸೀದಾ ಅವರು ಬಳಸಿದ ಲಾ ಬೆಲ್ಲಾ 52-73-95-110 ತಂದು ಹಾಕುತ್ತಾರೆ. ನಾನೂ ಒಮ್ಮೆ ಗೆಳೆಯನ ಬೇಸ್ ಮೇಲೆ ನುಡಿಸಿದ್ದೇನೆ, ಬಾವಿ ಹಗ್ಗ ಎಳೆದ ಹಾಗಿತ್ತು. ಅವರು ಅದನ್ನು 1962ರ ಪ್ರಿಸಿಷನ್ ಮೇಲೆ, ಒಂದೇ ತೋರುಬೆರಳಲ್ಲಿ, ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಭಾಗ) ಮುಚ್ಚಳದ ಕೆಳಗೆ ಸ್ಪಂಜ್ ಇಟ್ಟು ನುಡಿಸುತ್ತಿದ್ದರು. ತುಂಡಾಗುವವರೆಗೂ ತಂತಿ ಬದಲಿಸುತ್ತಿರಲಿಲ್ಲ. ರೌಂಡ್ ಹಳತಾದರೆ ಸಾಯುತ್ತದೆ. ಫ್ಲ್ಯಾಟ್ ಹಳತಾದರೆ, ನಮ್ಮಲ್ಲಿ ಹೇಳುವ ಹಾಗೆ, ಹುಣಸೆ ಮರಕ್ಕೆ ಮುಪ್ಪಾದರೆ ಹುಳಿಗೆ ಮುಪ್ಪೇ. ದುಪ್ಪಟ್ಟು ಬೆಲೆಯ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ.

ಕುಡ್ಲದಬೇಸ್

ಮಾರಾಯ್ರೇ, ದುಡ್ಡು ಖರ್ಚು ಮಾಡುವ ಮೊದಲು ಒಂದು ನಿಮಿಷ ನಿಲ್ಲಿ. ಪಾತ್ರೆ ತೊಳೆಯುವ ಸ್ಪಂಜ್ ಹೊಸದು ಒಂದು ತನ್ನಿ. ಬ್ರಿಡ್ಜ್ ಹತ್ತಿರ ನಾಲ್ಕೂ ತಂತಿಯ ಅಡಿಗೆ ತೂರಿಸುವಷ್ಟು ಕತ್ತರಿಸಿ. ಟೋನ್ ನಾಬ್ ಮುಕ್ಕಾಲು ಮುಚ್ಚಿ. ಈಗ ನಿಮ್ಮ ಹಳೇ ರೌಂಡ್‌ನಲ್ಲೇ ನುಡಿಸಿ ನೋಡಿ. ನೂರು ರೂಪಾಯಿಯೂ ಬೇಡ, ನಿಮಗೆ ಬೇಕಾದ ಸೌಂಡಿನ ಅರ್ಧ ದಾರಿ ಬಂದಾಯಿತು.

ಮತ್ತೆ ಕಿರ್ರ್ ವಿಷಯ. ಬೇಜಾರು ಮಾಡಬೇಡಿ, ಅದರಲ್ಲಿ ಅರ್ಧ ಕೈಯದ್ದು. ಜಾಗ ಬದಲಿಸುವಾಗ ಬೆರಳು ಒತ್ತಿಕೊಂಡೇ ಎಳೆಯಬಾರದು, ಸ್ವಲ್ಪ ಸಡಿಲ ಬಿಟ್ಟು ಎತ್ತಿ ಇಡಬೇಕು. ನಾನು ಚರ್ಚ್ ಕ್ವಾಯರ್‌ನಲ್ಲಿ ಕಲಿತವನು, ಅಲ್ಲಿ ಒಂದು ಕಿರ್ರ್ ಬಂದರೆ ಇಡೀ ಪೂಜೆಗೆ ಕೇಳುತ್ತದೆ, ಹೆದರಿಯೇ ಕಲಿತದ್ದು.

ಇನ್ನೊಂದು ಯಾರೂ ಹೇಳುವುದಿಲ್ಲ. ಈಗ ಹೊಸ ಪ್ರೋಗ್ರಾಂ ತಂದುಕೊಡುವುದು ಮೊಬೈಲ್ ವಿಡಿಯೋ. ನಮ್ಮ ಇ ತಂತಿ ಮಿಡಿಯುವುದು ಸೆಕೆಂಡಿಗೆ ಸುಮಾರು 41 ಸಲ. ಮೊಬೈಲಿನ ಸ್ಪೀಕರ್‌ಗೆ ಅದು ಕೇಳಿಸಲು ಸಾಧ್ಯವೇ ಇಲ್ಲ. ಕೇಳಿಸುವುದು ಅದರ ಮೇಲಿನ ಸ್ವರಾಂಶಗಳು ಮಾತ್ರ, ಫ್ಲ್ಯಾಟ್ ಮೊದಲು ತೆಗೆದುಹಾಕುವುದೂ ಅದನ್ನೇ. ಸ್ಟೇಜ್ ಮುಂದೆ ಕೂತವರಿಗೆ ಎದೆ ನಡುಗುತ್ತದೆ, ವಿಡಿಯೋದಲ್ಲಿ ನೀವು ಬಂದೇ ಇಲ್ಲ ಎಂದು ಮದುವೆ ಮನೆಯವರು ಕೇಳುತ್ತಾರೆ.

ಇಷ್ಟೆಲ್ಲ ಹೇಳಿದ ನಾನೇ ಒಂದು ಬೇಸ್‌ಗೆ ಕಪ್ಪು ನೈಲಾನ್ ಟೇಪ್‌ವೌಂಡ್ ಹಾಕಿದ್ದೇನೆ ಅನ್ನುವುದೂ ನಿಜ. ಮಂಗಳೂರು ಮಳೆಗಾಲದಲ್ಲಿ ರೌಂಡ್ ಎರಡು ತಿಂಗಳು ಬಾಳುವುದಿಲ್ಲ, ಕಣಿವೆಯಲ್ಲಿ ಬೆವರು ಕೂತು ತುಕ್ಕು. ನೈಲಾನ್ ಮೇಲೆ ಬೆರಳಿಗೆ ಲೋಹ ತಾಗುವುದೇ ಇಲ್ಲ. ದಪ್ಪ ನೋಡಿ ಹೆದರಬೇಡಿ, ಹೊರಗಿನದು ಪ್ಲಾಸ್ಟಿಕ್ ಆದ್ದರಿಂದ ಬಿಗಿ ಸಾಮಾನ್ಯವಾಗಿ ಕಮ್ಮಿ.

ನಾಲ್ಕೇತಂತಿ

ಕುಡ್ಲದವರೇ, ಸ್ಪಂಜ್ ಮಾತು ಒಪ್ಪಿದೆ. ಆದರೆ ರೌಂಡ್‌ಗೆ ಸ್ಪಂಜ್ ಇಟ್ಟರೆ ಸ್ವರ ಬೇಗ ಸಾಯುತ್ತದೆ ಅಷ್ಟೇ, ಮೀಟಿದ ಕ್ಷಣದ ಆ ಲೋಹದ ಕಚ್ಚು ಹಾಗೇ ಉಳಿಯುತ್ತದೆ. ಮೊಬೈಲ್ ವಿಷಯಕ್ಕೆ ಬಂದರೆ, ಮಿಕ್ಸರ್‌ನಲ್ಲಿ 700-800 ಹರ್ಟ್ಸ್ ಹತ್ತಿರ ಸ್ವಲ್ಪ ಏರಿಸಿ. ನಮ್ಮವರೆಲ್ಲ ಬೇಸ್ ಎಂದರೆ ಕೆಳಗಿನ ನಾಬ್ ಒಂದೇ ತಿರುಗಿಸುತ್ತಾರೆ, ಫ್ಲ್ಯಾಟ್‌ಗೆ ಬೇಕಾದದ್ದು ಮಿಡ್.

ಕುದುರೆಮೇಲೆದಾರ

ಧಾರವಾಡದಿಂದ. ನಾನು ಫ್ರೆಟ್‌ಲೆಸ್ ನುಡಿಸುತ್ತೇನೆ. ಫ್ಲ್ಯಾಟ್ ಹಾಕಿದ್ದು ಮೊದಲು ಮರ ಉಳಿಸಲು, ರೌಂಡ್ ಆದರೆ ಫಿಂಗರ್‌ಬೋರ್ಡ್ ಮೇಲೆ ಅರದ ಹಾಗೆ ಉಜ್ಜುತ್ತದೆ.

ಸಂಗೀತ ಕಲಿತವರಿಗೆ ಈ ವ್ಯತ್ಯಾಸ ಒಂದೇ ಮಾತಿನಲ್ಲಿ ಹೇಳಬಹುದು ನೋಡ್ರಿ. ತಂಬೂರಿಯ ಕುದುರೆ ಮೇಲೆ ದಾರ ಸರಿಯಾದ ಜಾಗಕ್ಕೆ ಬಂದಾಗ ಝೇಂಕಾರ ಬಿಚ್ಚಿಕೊಳ್ಳುತ್ತದೆ, ಅದು ರೌಂಡ್. ದಾರ ತೆಗೆದುಬಿಟ್ಟರೆ ಉಳಿಯುವ ಮೊಂಡು, ಗುಂಡನೆಯ ಸ್ವರ, ಅದು ಫ್ಲ್ಯಾಟ್. ಜವಾರಿ ಇದೆಯೋ ಇಲ್ಲವೋ ಅಷ್ಟೇ. (ಕೋಳಿಯದ್ದಲ್ಲ, ತಂಬೂರಿಯದ್ದು.) ತಂಬೂರಿಗೆ ಜವಾರಿ ಬೇಕೇಬೇಕು, ಯಾಕೆಂದರೆ ಅದು ಅವೇ ಸ್ವರಗಳನ್ನು ಹಿಡಿದು ಕೂರುತ್ತದೆ. ಹಾಡುವವರ ಕೆಳಗೆ ಓಡಾಡುವ ಬೇಸ್‌ಗೆ ಅದು ಜಾಸ್ತಿ ಆದರೆ ಹಾಡುವವರ ದನಿಗೇ ಅಡ್ಡ ಬರುತ್ತದೆ.

ಸೆಟಪ್‌ಸೀನ

ಕತ್ತು ಬಗ್ಗುತ್ತದಾ ಎಂದು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲವಲ್ಲ. ರಿಪೇರಿ ಕೆಲಸ ಮಾಡುವವನು ನಾನು, ಹೇಳುತ್ತೇನೆ.

ಬಗ್ಗುತ್ತದೆ, ಹೆದರಬೇಕಾದ್ದಿಲ್ಲ. ಬಿಗಿ ಜಾಸ್ತಿಯಾದರೆ ಕತ್ತು ಸ್ವಲ್ಪ ಮುಂದಕ್ಕೆ ಬಾಗಿ ತಂತಿ ಎತ್ತರ ಆಗುತ್ತದೆ. ಟ್ರಸ್ ರಾಡ್ (ಕತ್ತಿನೊಳಗಿನ ಲೋಹದ ಕಂಬಿ) ಕಾಲು ಸುತ್ತು ತಿರುಗಿಸಿ ಒಂದು ರಾತ್ರಿ ಬಿಟ್ಟು ಬೆಳಗ್ಗೆ ನೋಡಿದರೆ ಸಾಮಾನ್ಯವಾಗಿ ಸರಿಹೋಗಿರುತ್ತದೆ. ಥೊಮಾಸ್ಟಿಕ್ ಹಾಕಿದರೆ ಉಲ್ಟಾ, ಬಿಗಿ ಕಮ್ಮಿಯಾಗಿ ಕತ್ತು ಹಿಂದಕ್ಕೆ ಹೋಗುತ್ತದೆ, ತಂತಿ ಫ್ರೆಟ್‌ಗೆ ತಾಗಿ ಬರ್ರ್ ಅನ್ನುತ್ತದೆ. ಆಗ ರಾಡ್ ಸಡಿಲ ಮಾಡಬೇಕು. ತಂತಿ ಕೆಟ್ಟದ್ದು ಎಂದು ಬೈದುಕೊಂಡು ಬಂದ ಎಷ್ಟೋ ಜನರ ಬೇಸ್‌ನಲ್ಲಿ ಇದೊಂದೇ ತೊಂದರೆ ಇರುತ್ತದೆ. ನಾಲ್ಕೇತಂತಿಯವರೇ, ನೀವು ನಾಲ್ಕು ತಿಂಗಳು ಒದ್ದಾಡಿದಾಗ ರಾಡ್ ಮುಟ್ಟಿದ್ದಿರಾ?

ಹಾಕುವಾಗ ಒಂದು ಜೋಪಾನ. ಉದ್ದ ಜಾಸ್ತಿ ಇದೆ ಎಂದು ಫ್ಲ್ಯಾಟನ್ನು ನೇರವಾಗಿ ಕತ್ತರಿಸಬೇಡಿ. ಎಲ್ಲಿ ಕತ್ತರಿಸಬೇಕೋ ಅದಕ್ಕಿಂತ ಸ್ವಲ್ಪ ಮೊದಲೇ ಇಕ್ಕಳದಲ್ಲಿ 90 ಡಿಗ್ರಿ ಮಡಚಿ, ಆಮೇಲೆ ಮಡಚಿದ್ದರ ಆಚೆ ಕತ್ತರಿಸಿ. ಇಲ್ಲದಿದ್ದರೆ ಪಟ್ಟಿ ಬಿಚ್ಚಿಕೊಂಡು ತಂತಿ ಅಲ್ಲೇ ಸತ್ತುಹೋಗುತ್ತದೆ, ಮೀಟಿದರೆ ಟಪ್ ಅನ್ನುತ್ತದೆ ಅಷ್ಟೇ. ಬಾಡಿಯ ಹಿಂದಿನಿಂದ ತೂರಿಸುವ ಬ್ರಿಡ್ಜ್ ಇದ್ದರೂ ಫ್ಲ್ಯಾಟನ್ನು ಮೇಲಿನಿಂದಲೇ ಹಾಕಿ, ಆ ಚೂಪು ತಿರುವಿನಲ್ಲಿ ಪಟ್ಟಿ ಬಾಯಿಬಿಡುತ್ತದೆ. ಅದಕ್ಕೆಂದೇ ಮಾಡಿದ ಸೆಟ್ ಆದರೆ ಬೇರೆ ಮಾತು. ನಟ್‌ನ (ಕತ್ತಿನ ಮೇಲ್ತುದಿಯಲ್ಲಿ ತಂತಿ ಹಾಯುವ ಪಟ್ಟಿಯ) ಸೀಳು ಕೂಡ ನೋಡಿ, 100ರ ತಂತಿಗೆ ಕೊರೆದದ್ದರಲ್ಲಿ 105 ಕೂರುವುದಿಲ್ಲ, ಮೇಲೇ ನಿಲ್ಲುತ್ತದೆ. ಕೊನೆಗೆ ಇಂಟೊನೇಷನ್, 12ನೇ ಫ್ರೆಟ್‌ನಲ್ಲಿ ಒತ್ತಿದ್ದು ಮತ್ತು ಹಾರ್ಮೋನಿಕ್ (ಒತ್ತದೆ ಬರೀ ಬೆರಳು ತಾಗಿಸಿ ನುಡಿಸಿದ್ದು) ಒಂದೇ ಸ್ವರ ಇರಬೇಕು. ತಂತಿ ಬದಲಿಸಿದ ಮೇಲೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಹೊರುವ ತುಂಡು) ಅಷ್ಟಿಷ್ಟು ಸರಿಸಲೇಬೇಕಾಗುತ್ತದೆ.

ಕಬ್ಬಿಣದಕೈ

ಇಷ್ಟು ಜನ ಬರೆದಿದ್ದೀರಿ, ಎಲ್ಲರೂ ಫ್ಲ್ಯಾಟ್ ಎಂದರೆ ಹಳೇ ಹಾಡು, ಗುಂಡನೆ ಸ್ವರ ಅಂತಲೇ. ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಕೇಳಿದ್ದೀರಾ? ಆ ಕುದುರೆ ಓಟದ ಸೌಂಡು, ಆ ಟಕಟಕ, ಅದು ಫ್ಲ್ಯಾಟ್‌ವೌಂಡ್. ಅವರ ಹೆಸರಲ್ಲೇ ತಂತಿ ಕಂಪನಿ ರೋಟೋಸೌಂಡ್ ಸೆಟ್ ಮಾರುತ್ತದೆ, 50ರಿಂದ 110. ಹೊಸ ತಂತಿ, ಜೋರು ಬೆರಳು, ತಗ್ಗಿಸಿದ ಆಕ್ಷನ್ (ಫ್ರೆಟ್ ಮೇಲೆ ತಂತಿಯ ಎತ್ತರ). ಮೆಟಲ್ ನುಡಿಸುವ ನಾನು ಕ್ರೋಮ್ಸ್ ಹಾಕುವುದು ಇದಕ್ಕೇ. ಹೊಸದರ ಝಣ್ ಹೋಗಲಿ ಎಂದು ನೀವು ಕಾಯುತ್ತೀರಿ, ಅದು ಹೋದ ದಿನ ನಾನು ತಂತಿ ಬಿಚ್ಚುತ್ತೇನೆ. ನಾನು ಎಸೆಯುವ ಬದಲು ನನ್ನ ಹಳೇ ಸೆಟ್ ನೀವೇ ತಗೊಳ್ಳಿ ಸರ್, ನಿಮಗೆ ಬೇಕಾದ ಹಾಗೆ ಮಾಗಿರುತ್ತದೆ!

ನಾಲ್ಕೇತಂತಿ

ಸೀನಣ್ಣಾ, ಮುಟ್ಟಿರಲಿಲ್ಲ. ಈಗ ಯೋಚಿಸಿದರೆ ಹೊಟ್ಟೆ ಉರಿಯುತ್ತಿದೆ.

ಕಬ್ಬಿಣದಕೈ ಹೇಳಿದ್ದೂ ಸರಿ. ನೆನಪಿಡಬೇಕಾದ್ದು ಏನೆಂದರೆ, ಮೊದಲು ಎಲ್ಲವೂ ಫ್ಲ್ಯಾಟೇ ಇತ್ತು. 1951ರಲ್ಲಿ ಫೆಂಡರ್ ಪ್ರಿಸಿಷನ್ ಬಂದಾಗ ಅದರ ಮೇಲೆ ಇದ್ದದ್ದು ಫ್ಲ್ಯಾಟ್. 60ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ದ ಹೂ ಬ್ಯಾಂಡಿನ ಜಾನ್ ಎಂಟ್ವಿಸಲ್ ರೋಟೋಸೌಂಡ್‌ನವರ ಜೊತೆ ಕೂತು, ಪಿಯಾನೋ ಥರ ಕೇಳುವ ರೌಂಡ್ ಮಾಡಿಸಿಕೊಂಡ ಮೇಲೆ ಇಷ್ಟೆಲ್ಲ ಝಣಝಣ ಶುರುವಾಯಿತು.

ಸ್ಲ್ಯಾಪ್ ಬಗ್ಗೆ ಹೇಳುವುದು ಮರೆತಿದ್ದೆ. ಆಗುತ್ತದೆ, ಆದರೆ ಪಟಪಟ ಬರುವುದಿಲ್ಲ, ಮೃದಂಗದ ಎಡಭಾಗ ತಟ್ಟಿದ ಹಾಗೆ ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ಅಂಥ ಹಾಡು ಎಷ್ಟಿದೆ? ಎರಡೋ ಮೂರೋ ಆದರೆ ಅದಕ್ಕಾಗಿ ಉಳಿದ ಇಪ್ಪತ್ತನ್ನು ಯಾಕೆ ಕೆಡಿಸಿಕೊಳ್ಳುತ್ತೀರಿ?

ಮೈಸೂರ್‌ಬೇಸು

ಆರು ವಾರ ಆಯಿತು, ವಾಪಸ್ ಬಂದು ಹೇಳದಿದ್ದರೆ ತಪ್ಪಾಗುತ್ತದೆ.

ಮೊದಲು ಸ್ಪಂಜ್ ಮಾಡಿದೆ. ಅಡುಗೆಮನೆಯದ್ದು ಕತ್ತರಿಸಿದ್ದಕ್ಕೆ ಮನೆಯಲ್ಲಿ ಬೈಸಿಕೊಂಡೆ. ಸೌಂಡ್ ಹತ್ತಿರ ಬಂತು, ಕಿರ್ರ್ ಹೋಗಲಿಲ್ಲ. ಬೆರಳು ಎತ್ತಿ ಇಡುವುದನ್ನು ದಿನಾ ಅರ್ಧ ಗಂಟೆ ಅಭ್ಯಾಸ ಮಾಡುತ್ತಿದ್ದೇನೆ, ನಿಧಾನದ ಹಾಡುಗಳಲ್ಲಿ ಸರಿಯಾಗಿದೆ, ಓಟದಲ್ಲಿ ಮರೆತುಹೋಗುತ್ತದೆ.

ಆಮೇಲೆ ಕ್ರೋಮ್ಸ್ ತಗೊಂಡೆ, 45-100. ಲಾ ಬೆಲ್ಲಾ ಹಗುರ ಸೆಟ್ ಬೇಕಿತ್ತು, ಒಂದು ಅಂಗಡಿಯಲ್ಲಿ ಇದೆ ಎಂದು ಹೇಳಿ ಕೈಗೆ ಕೊಟ್ಟ ಪ್ಯಾಕೆಟ್ ಒಳಗೆ ಬೇರೇನೋ ರೌಂಡ್ ಇತ್ತು. ಅಲ್ಲೇ ಬಿಚ್ಚಿ ನೋಡಿದ್ದಕ್ಕೆ ಬಚಾವ್. ನೀವೂ ದುಡ್ಡು ಕೊಡುವ ಮೊದಲು ಬಿಚ್ಚಿ ಉಗುರಲ್ಲಿ ಗೀರಿ ನೋಡಿ.

ಸೀನಣ್ಣ ಹೇಳಿದ ಹಾಗೆ ಮಡಚಿ ಕತ್ತರಿಸಿದೆ, ರಾಡ್ ಕಾಲು ಸುತ್ತು ಸಾಕಾಯಿತು. ಮೊದಲ ವಾರ ಬಲಗೈಗೆ ಏನೋ ಕಳೆದುಹೋದ ಹಾಗಿತ್ತು. ತಂತಿಯ ಒರಟು ಬೆರಳಿಗೆ ಹಿಡಿತ ಕೊಡುತ್ತಿತ್ತು ಎಂದು ಅದು ಹೋದ ಮೇಲೇ ಗೊತ್ತಾಯಿತು. ಎರಡನೇ ವಾರ ಬಿಗಿ ಅಭ್ಯಾಸವಾಯಿತು. ಈಗ ಬಿಗಿಯೇ ಇಷ್ಟ ಆಗುತ್ತಿದೆ, ತಂತಿ ಅಲುಗಾಡುವುದು ಕಮ್ಮಿ, ಬೆರಳು ಎಲ್ಲಿ ಬಿಟ್ಟೆನೋ ಅಲ್ಲೇ ಸಿಗುತ್ತದೆ. ಜಿ ತಂತಿ ಮಾತ್ರ ಉಳಿದ ಮೂರಕ್ಕಿಂತ ಇನ್ನೂ ಝಣ್ ಅನ್ನುತ್ತದೆ, ಮಾಗಲಿ ಎಂದು ಕಾಯುತ್ತಿದ್ದೇನೆ.

ಹೋದ ಭಾನುವಾರ ನಂಜನಗೂಡಿನಲ್ಲಿ ಪ್ರೋಗ್ರಾಂ. ಕೀಬೋರ್ಡಿನವರು ಇಡೀ ಪ್ರೋಗ್ರಾಂ ಒಂದು ಸಲವೂ ತಿರುಗಲಿಲ್ಲ. ಮುಗಿದ ಮೇಲೆ ವಯರ್ ಸುತ್ತುತ್ತಾ "ಇಲಿ ಎಲ್ಲಿ ಹೋಯ್ತಯ್ಯಾ?" ಎಂದರು. ಸ್ಲ್ಯಾಪ್ ಹಾಡು ಎರಡಿತ್ತು, ಒಂದು ಹೇಗೋ ಆಯಿತು, ಇನ್ನೊಂದು ನಿಜಕ್ಕೂ ಸಪ್ಪೆ. ಅದಕ್ಕೆ ಏನು ಮಾಡುವುದೋ ಇನ್ನೂ ಗೊತ್ತಿಲ್ಲ.

ಕಬ್ಬಿಣದಕೈ, ನಿಮ್ಮ ಹಳೇ ಸೆಟ್‌ನ ಜಿ ತಂತಿ ಒಂದನ್ನೇ ಕೊಡುತ್ತೀರಾ?

ಕಬ್ಬಿಣದಕೈ

ಜಿ ಮಾತ್ರ ಸಿಗಲ್ಲ ಸರ್, ಅದೇ ಮೊದಲು ತುಂಡಾಗಿದ್ದು. ಇ, ಎ, ಡಿ ಬೇಕಾದರೆ ಹೇಳಿ.

ಕುಡ್ಲದಬೇಸ್

ಸ್ಪಂಜನ್ನು ಜಿ ತಂತಿ ಕೆಳಗೆ ಮಾತ್ರ ಸ್ವಲ್ಪ ದಪ್ಪ ಇಡಿ ಮಾರಾಯ್ರೇ. ಈ ಸಲ ಅಡುಗೆಮನೆಯದ್ದು ಬೇಡ.